ರಾಷ್ಟ್ರಪತಿಯನ್ನು ಅಂಚೆಗೆ ಹಾಕಿದವರು

ಪೋಸ್ಟ್ ಮಾಸ್ಟ್ರ ತಿಥಿಯ ದಿನ ಎಲೆಗೆ ಅನ್ನ ಬೀಳುವ ಮೊದಲೇ ಮುಂದಿನ ರಾಷ್ಟ್ರಪತಿ ಯಾರು ಎಂಬ ಮಾತು ಬಿತ್ತು. ಎದುರು ಸಾಲಿನವರೊಬ್ಬರು ಒಂದು ಹೆಸರು ಹೇಳಿದರು. ಪಕ್ಕದವರು ಅದನ್ನು ಕರಿಬೇವಿನ ಹಾಗೆ ಬದಿಗೆ ಸರಿಸಿ ಇನ್ನೊಂದು ಹೇಳಿದರು. ಸತ್ತು ಹನ್ನೊಂದು ದಿನವಾಗಿದ್ದರೂ ಮಾಸ್ಟ್ರು ಆ ಜಗಲಿ ಬಿಟ್ಟು ಕದಲಿರಲಿಲ್ಲ.

ನನ್ನ ಬಲಗಡೆ ಕುಳಿತಿದ್ದವರು ಬೇಕರಿ ಕಾಕ. ಕುಶಾಲನಗರದಿಂದ ಬಂದು ಹಾರಂಗಿ ಕಡೆಗೆ ತಿರುಗುವ ಮೂಲೆಯಲ್ಲಿ ಅವರ ಬೇಕರಿ. ಊರಿನ ಅರ್ಧ ರಾಜಕೀಯ ಅಲ್ಲಿ ನಡೆಯುತ್ತಿತ್ತು, ಉಳಿದರ್ಧ ಮಾಸ್ಟ್ರ ಜಗಲಿಯಲ್ಲಿ. ಕಾಕ ನನ್ನ ಕಡೆಗೆ ವಾಲಿ ಪಿಸುಗುಟ್ಟಿದರು.

"ಸಾರ್, ಯಾರಿಗೂ ಹೇಳ್ಬೇಡಿ. ನನ್ನ ಹತ್ರ ಒಂದು ಕಾಗದ ಉಂಟು."

"ಯಾರದ್ದು?"

"ಇವರದ್ದೇ. ಮುಂದಿನ ರಾಷ್ಟ್ರಪತಿ ಅದರ ಒಳಗೆ ಇದ್ದಾರೆ. ನಂಗೆ ಒಬ್ಬನಿಗೇ ಕಳಿಸಿದ್ದು."

ನಾನು ತಲೆಯಾಡಿಸಿದೆ. ಅಂಥದೇ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ನನ್ನ ಮೇಜಿನ ಖಾನೆಯಲ್ಲಿತ್ತು. ನನಗೂ ಮಾಸ್ಟ್ರು ಹೇಳಿದ್ದು, "ನಿಮಗೊಬ್ಬರಿಗೇ ಮಾರಾಯ್ರೆ."

ಮಾಸ್ಟ್ರ ಬಗ್ಗೆ ಬರೆಯಬೇಕು ಎಂದು ಆ ಎಲೆಯ ಮುಂದೆಯೇ ತೀರ್ಮಾನಿಸಿದೆ. ಗೌರವದಿಂದಲ್ಲ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಊರಿನಲ್ಲಿ ಬೇರೆಯವರಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತಿರುವುದು ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲದ ಕಾರಣಕ್ಕೆ. ಆದರೆ ಈ ಬರಹಕ್ಕೆ ಕೂರುವಾಗ ದಿನಚರಿಗಳನ್ನು ತೆರೆಯಲಿಲ್ಲ. ಮಾಸ್ಟ್ರ ಮೇಲಿನ ನನ್ನ ಸಿಟ್ಟು ಅಷ್ಟು ಸ್ಪಷ್ಟವಾಗಿತ್ತು. ಅದಕ್ಕೆ ದಾಖಲೆ ಯಾಕೆ ಎಂದುಕೊಂಡೆ.

ಅವರು ನಮ್ಮ ಊರಿನವರಲ್ಲ. ಮೂರ್ನಾಡಿನ ಆಚೆಯ ಕಡೆಯವರು. ಮನೆಯೊಳಗೆ ಹೆಂಡತಿಯ ಜೊತೆ ಅರೆಭಾಷೆ, ಜಗಲಿಗೆ ಬಂದರೆ ಕನ್ನಡ, ಸಿಟ್ಟು ಬಂದರೆ ಇಲಾಖೆಯ ಇಂಗ್ಲಿಷು. ಮೂವತ್ತೈದು ವರ್ಷ ಎಲ್ಲೆಲ್ಲೋ ಕೌಂಟರಿನ ಹಿಂದೆ ಕುಳಿತು, ನಿವೃತ್ತಿಯಾದ ಮೇಲೆ ಹಾರಂಗಿ ಅಣೆಕಟ್ಟಿನ ನಾಲೆಯ ಪಕ್ಕ ಐದು ಸೆಂಟು ಜಾಗ ತೆಗೆದು ಮನೆ ಕಟ್ಟಿಸಿದರು. ನಮ್ಮದು ಹಾಸನದ ಕಡೆಯಿಂದ ಬಂದು ನೆಲೆಸಿದವರ ಊರು, ಶುಂಠಿ ಮತ್ತು ಜೋಳದ ಊರು. ಇಲ್ಲಿ ದೆಹಲಿಯ ಬಗ್ಗೆ ಮಾತಾಡುವವರು ಇರಲಿಲ್ಲ. ಆ ಖಾಲಿ ಜಾಗ ಅವರಿಗೆ ಬಂದ ದಿನವೇ ಕಣ್ಣಿಗೆ ಬಿದ್ದಿರಬೇಕು.

ಮೊದಲ ಸಲ ಅವರ ಜಗಲಿ ಹತ್ತಿದಾಗ ನನ್ನನ್ನು ಕೂರಲೂ ಹೇಳದೆ ಕೇಳಿದರು. "ಎಂ.ಎ. ಅಂತೆ. ಯಾವುದರಲ್ಲಿ?"

"ರಾಜ್ಯಶಾಸ್ತ್ರ."

"ಹಾಗಾದ್ರೆ ಹೇಳಿ. ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರ ಒಂದು ವೋಟಿನ ಬೆಲೆ ಎಷ್ಟು?"

ನನಗೆ ಸೂತ್ರ ಗೊತ್ತಿತ್ತು, ಸಂಖ್ಯೆ ಗೊತ್ತಿರಲಿಲ್ಲ.

"ನೂರ ಮೂವತ್ತೊಂದು!" ಎಂದರು. ಹೇಳಿ ಮುಷ್ಟಿಯಿಂದ ಮೇಜಿಗೆ ಎರಡು ಏಟು ಹೊಡೆದರು. ಮೊದಲನೆಯದು ಮೆತ್ತಗೆ, ಎರಡನೆಯದು ಜೋರಾಗಿ. ಮೊದಲಿನದು ಮಸಿ ಪ್ಯಾಡಿಗೆ, ಎರಡನೆಯದು ಕಾಗದಕ್ಕೆ. ಮೂವತ್ತೈದು ವರ್ಷ ಸೀಲು ಹೊಡೆದ ಕೈ. ಸೀಲು ಹೋಗಿತ್ತು, ಏಟು ಉಳಿದಿತ್ತು. ಆಮೇಲೆ ನನ್ನ ಕಡೆ ಕರುಣೆಯಿಂದ ನೋಡಿದರು. "ನಿಮಗೆ ಅಲ್ಲಿ ಎಂತ ಪಾಠ ಮಾಡಿದ್ರು ಮಾರಾಯ್ರೆ?"

ನನ್ನ ತಿರಸ್ಕಾರ ಅವತ್ತೇ ಹುಟ್ಟಿತೋ, ಆಮೇಲೆ ಹುಟ್ಟಿದ್ದನ್ನು ನಾನು ಅವತ್ತಿಗೆ ಜೋಡಿಸುತ್ತಿದ್ದೇನೋ, ಹೇಳಲಾರೆ.

ಅವರ ಜಗಲಿಯಲ್ಲಿ ಒಂದು ಮರದ ಗೂಡು ಇತ್ತು. ಹಿಂದೆ ಅಂಚೆ ಕಚೇರಿಗಳಲ್ಲಿ ಕಾಗದಗಳನ್ನು ಊರುವಾರು ವಿಂಗಡಿಸಲು ಇಡುತ್ತಿದ್ದರಲ್ಲ, ಹನ್ನೆರಡು ಖಾನೆಯದು. ಹರಾಜಿನಲ್ಲಿ ಸಿಕ್ಕಿದ್ದು ಎನ್ನುತ್ತಿದ್ದರು. ಊರುಗಳ ಹೆಸರಿದ್ದ ಜಾಗದಲ್ಲಿ ಹೊಸ ಚೀಟಿ ಅಂಟಿಸಿದ್ದರು: "ಮಾಜಿ ರಾಜ್ಯಪಾಲರು", "ನಿವೃತ್ತ ನ್ಯಾಯಮೂರ್ತಿ", "ವಿಜ್ಞಾನಿ", "ಮಹಿಳೆ", "ದಕ್ಷಿಣ", "ಈಶಾನ್ಯ". ಕೊನೆಯ ಖಾನೆಯ ಮೇಲೆ "ಯಾರಿಗೂ ಗೊತ್ತಿಲ್ಲದವರು". ದಿನವೂ ಮೂರು ಪತ್ರಿಕೆ ಓದಿ, ಸಂಭಾವ್ಯ ಅಭ್ಯರ್ಥಿ ಎಂದು ಎಲ್ಲಿ ಯಾರ ಹೆಸರು ಕಂಡರೂ ಕತ್ತರಿಸಿ ಆಯಾ ಖಾನೆಗೆ ಹಾಕುತ್ತಿದ್ದರು. ಕೆಲವು ಹೆಸರುಗಳು ಒಂದೇ ತಿಂಗಳಲ್ಲಿ ಮೂರು ಖಾನೆ ಬದಲಿಸುತ್ತಿದ್ದವು. ಎಲ್ಲಕ್ಕಿಂತ ತುಂಬಿದ್ದ ಖಾನೆ ಯಾರಿಗೂ ಗೊತ್ತಿಲ್ಲದವರದ್ದು. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನೂ ಕತ್ತರಿ ಹಿಡಿದು ಕುಳಿತಂತೆ.

"ಐದು ವರ್ಷಕ್ಕೊಂದು ಸಲ ಬರೋ ಚುನಾವಣೆಗೆ ದಿನಾ ಕತ್ತರಿಸ್ತೀರಲ್ಲ ಮಾಸ್ಟ್ರೇ?" ಎಂದು ಒಮ್ಮೆ ಕೇಳಿದೆ.

"ನಮ್ಮ ಊರಲ್ಲಿ ಒಬ್ಬನಿಗೂ ವೋಟಿಲ್ಲದ ಚುನಾವಣೆ ಇದೊಂದೇ. ಅದಕ್ಕೇ ಶುದ್ಧವಾಗಿ ಯೋಚಿಸಬಹುದು," ಎಂದರು. ಠಪ್, ಠಪ್.

ದೆಹಲಿಗೆ ಅವರು ಜೀವಮಾನದಲ್ಲಿ ಒಂದೇ ಸಲ ಹೋದದ್ದು, ಇಲಾಖೆಯ ಪ್ರವಾಸ ಭತ್ಯೆಯಲ್ಲಿ. ರಾಷ್ಟ್ರಪತಿ ಭವನದ ಗೇಟಿನ ಮುಂದೆ ನಿಂತ ಒಂದು ಫೋಟೋ ಗೋಡೆಯ ಮೇಲಿತ್ತು. ಗೇಟು ಪೂರ್ತಿ ಇದೆ, ಮಾಸ್ಟ್ರು ಪೂರ್ತಿ ಇದ್ದಾರೆ, ಹೆಂಡತಿ ಒಂದು ಭುಜ ಮಾತ್ರ. "ಒಳಗೆ ಮುನ್ನೂರ ನಲವತ್ತು ಕೋಣೆ," ಎನ್ನುತ್ತಿದ್ದರು, ಎಲ್ಲವನ್ನೂ ಗುಡಿಸಿ ಬಂದವರ ಹಾಗೆ. ಅವರ ಸ್ವಂತ ಮನೆಯಲ್ಲಿ ಮೂರು ಕೋಣೆ. ಅಡುಗೆಮನೆಯ ಹಂಚು ಸೋರುತ್ತದೆ ಎಂದು ಹೆಂಡತಿ ಒಳಗಿನಿಂದ ಕೂಗಿದರೆ ಕೈ ಎತ್ತಿ, "ಕೌಂಟರ್ ಕ್ಲೋಸ್," ಎನ್ನುತ್ತಿದ್ದರು.

ನಮ್ಮ ಅಕ್ಕನನ್ನು ಇದೇ ಊರಿಗೆ ಕೊಟ್ಟಿದ್ದರು. ಹೆಂಗಸರ ಸಂಘ ನಡೆಸಿ, ಗ್ರಾಮ ಪಂಚಾಯಿತಿಗೆ ನಿಂತು ಗೆದ್ದು ಮೆಂಬರ್ ಆದವಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ನಾಲೆಯ ಆಚೆಯ ಹದಿನಾಲ್ಕು ಮನೆಗಳಿಗೆ ಕುಡಿಯುವ ನೀರು. ಅಣೆಕಟ್ಟು ಅವರ ಅಂಗಳದಿಂದ ಕಾಣುತ್ತದೆ. ನಾಲೆ ಬಾಗಿಲ ಮುಂದೆ ಹರಿಯುತ್ತದೆ. ನಲ್ಲಿ ಮಾತ್ರ ಇಲ್ಲ. ಆ ಹೆಂಗಸರು ಕೊಡ ಹಿಡಿದು ಈಚೆಗೆ ಬಂದು, ರಸ್ತೆಯ ಪಕ್ಕದ ನಲ್ಲಿಯಲ್ಲಿ ಸರದಿ ನಿಂತು ಹೊತ್ತುಕೊಂಡು ಹೋಗಬೇಕು. ಪೈಪು ನಾಲೆ ದಾಟಬೇಕಾದರೆ ಅಧ್ಯಕ್ಷರು ಮನಸ್ಸು ಮಾಡಬೇಕು. ಅಕ್ಕ ಅರ್ಜಿ ಬರೆದು ಸಹಿಗಾಗಿ ಮಾಸ್ಟ್ರ ಹತ್ತಿರ ಹೋದಾಗ ಅವರು ಕನ್ನಡಕ ಮೇಲೆ ಮಾಡಿ ಕೇಳಿದರು.

"ಯಾರಿಗೆ ಬರೆದದ್ದು? ಪಿಡಿಓಗಾ? ಎಂತಕ್ಕಮ್ಮ ಅಷ್ಟು ಸಣ್ಣವರಿಗೆ? ಸೀದಾ ರಾಷ್ಟ್ರಪತಿಗೆ ಬರೀರಿ. ಉತ್ತರ ಬರ್ತದೆ, ಗ್ಯಾರಂಟಿ."

ಅವರೇ ಬರೆದರು, ಅವರೇ ಹಾಕಿದರು. ಕೆಲವು ತಿಂಗಳ ಮೇಲೆ ಉತ್ತರವೂ ಬಂತು. ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ ಎಂದು. ಮಾಸ್ಟ್ರು ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಫೋಟೋದ ಪಕ್ಕ ತೂಗುಹಾಕಿದರು. ಬಂದವರಿಗೆಲ್ಲ ತೋರಿಸಿದರು. ಸಂಬಂಧಪಟ್ಟವರು ಕೊನೆಗೆ ಅದೇ ಪಿಡಿಓ ಎಂಬುದು ಯಾರಿಗೂ ತಮಾಷೆ ಅನ್ನಿಸಲಿಲ್ಲ. ನಾಲೆಯಾಚೆಯ ಹೆಂಗಸೊಬ್ಬಳು ಮಾತ್ರ ಕೊಡ ಇಳಿಸಿ ಅದನ್ನು ನೋಡಿ, "ಚೆನ್ನಾಗಿದೆ, ಇದನ್ನ ಹಿಂಡಿದ್ರೆ ಎಷ್ಟು ಕೊಡ ಬತ್ತದೆ?" ಎಂದಳಂತೆ.

ಈಗ ಅವರಿಗೆ ಹೆಸರು ತಂದ ಕಾಗದಗಳ ವಿಷಯ.

ಹೋದ ಸಲದ ರಾಷ್ಟ್ರಪತಿ ಚುನಾವಣೆಗೆ ಅಭ್ಯರ್ಥಿಯ ಹೆಸರು ಟಿವಿಯಲ್ಲಿ ಬಂದ ಸಂಜೆ, ಮಾಸ್ಟ್ರು ಬೇಕರಿಗೆ ನಡೆದುಕೊಂಡು ಬಂದು, "ಕಾಕ, ನಾನು ಕಳಿಸಿದ್ದು ತೆಗೀರಿ," ಎಂದರು. ಕಾಕ ಗಲ್ಲಾದ ಕೆಳಗಿನಿಂದ ಒಂದು ಇನ್‌ಲ್ಯಾಂಡ್ ತೆಗೆದರು. ಅಂಟಿಸಿದ್ದು ಹಾಗೇ ಇತ್ತು. ಬ್ರೆಡ್ಡಿನ ಚಾಕುವಿನಲ್ಲಿ ಒಡೆದರು. ಒಳಗೆ ಟಿವಿಯಲ್ಲಿದ್ದ ಅದೇ ಹೆಸರು. ಮೇಲೆ ಅಂಚೆ ಮೊಹರಿನ ತಾರೀಕು, ಒಂದು ತಿಂಗಳಿಗಿಂತ ಹಿಂದಿನದು.

"ಸೀಲು ನೋಡಿ, ಸೀಲು!" ಎಂದು ಕಾಕ ಎಲ್ಲರ ಮೂಗಿಗೂ ಅದನ್ನು ಹಿಡಿದರು.

"ಸೀಲು ಸುಳ್ಳು ಹೇಳೂದಿಲ್ಲ," ಎಂದರು ಮಾಸ್ಟ್ರು, ಮೊಟ್ಟೆ ಪಫ್ಸನ್ನು ಅರ್ಧ ಕಣ್ಣು ಮುಚ್ಚಿ ತಿನ್ನುತ್ತಾ. ಚೂರು ಅಂಗಿಯ ಮೇಲೆ ಉದುರಿತ್ತು. ಆ ಸಂಜೆಯಿಂದ ಅವರು ಊರಿಗೆ ದೊಡ್ಡವರಾದರು. ಹುಡುಗಿ ನೋಡಲು ಹೋಗುವವರು ಅವರನ್ನು ಕೇಳಿಕೊಂಡು ಹೊರಟರು. ಶುಂಠಿ ಈಗ ಕೀಳಬೇಕೇ, ಬಿಡಬೇಕೇ ಎಂದು ಕೇಳಿದವರೂ ಇದ್ದರು. ಅವರು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ನಾನೂ ಅವತ್ತು ಚಪ್ಪಾಳೆ ತಟ್ಟಿದೆ. ಇದನ್ನು ಬಿಟ್ಟು ಬರೆಯಬಹುದಿತ್ತು.

ಮರುವರ್ಷ ಪಂಚಾಯಿತಿ ಅಧ್ಯಕ್ಷ ಸ್ಥಾನದ ಎರಡನೇ ಅವಧಿ ಬಂತು. ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಕಣದಲ್ಲಿದ್ದವರು ಇಬ್ಬರು: ಅಕ್ಕ ಮತ್ತು ಮೇಲಿನ ಬೀದಿಯ ಲಲಿತಮ್ಮ. ವೋಟು ಹಾಕುವವರು ಹನ್ನೊಂದು ಮೆಂಬರುಗಳು. ಐದು ಮಂದಿ ಅಕ್ಕನ ಕಡೆ, ನಾಲ್ಕು ಮಂದಿ ಆ ಕಡೆ, ಇಬ್ಬರು ನಡುವೆ. ಅಧ್ಯಕ್ಷೆಯಾದರೆ ಮೊದಲ ತಿಂಗಳೇ ಪೈಪು ನಾಲೆ ದಾಟಿಸುತ್ತೇನೆ ಎಂದು ಅಕ್ಕ ಆ ಹದಿನಾಲ್ಕು ಮನೆಯವರಿಗೆ ಮಾತು ಕೊಟ್ಟಿದ್ದಳು.

ಚುನಾವಣೆಗೆ ವಾರವಿದೆ ಎನ್ನುವಾಗ ಅವಳಿಗೆ ಪೋಸ್ಟಿನಲ್ಲಿ ಒಂದು ನೀಲಿ ಕಾಗದ ಬಂತು. ಹಿಂದೆ, "ಫಲಿತಾಂಶ ಬರುವ ತನಕ ಒಡೆಯಬಾರದು" ಎಂದು ಮಾಸ್ಟ್ರ ಅಕ್ಷರ. ಬಿಸಿಲಿಗೆ ಹಿಡಿದು ನೋಡಿದೆವು. ಒಳಗಿನ ಮಸಿ ಕಾಣುತ್ತಿತ್ತು. ಅಕ್ಕನ ಹೆಸರು.

ನಮ್ಮ ಕಡೆ ಒಂದು ಪದ್ಧತಿ ಇದೆ. ವೋಟು ಹಾಕುವವನ ಮನಸ್ಸು ಏನೇ ಇರಲಿ, ಅವನ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು, ಬಾಯಿಬಿಟ್ಟು ಕೇಳಬೇಕು. ತಮ್ಮನಾದರೂ ಅಣ್ಣನನ್ನು ಕೇಳಬೇಕು. ಕೇಳದಿದ್ದರೆ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ ಎಂದರ್ಥ. ಅಕ್ಕ ಹೊರಡಲು ಸೀರೆ ಬದಲಿಸಿದ್ದಳು. ಆಗ ಮಾಸ್ಟ್ರು ಹೇಳಿದರು: "ಅಧ್ಯಕ್ಷೆ ಆಗುವವಳು ಬಾಗಿಲು ಬಾಗಿಲು ತಿರುಗಬಾರದು. ರಾಷ್ಟ್ರಪತಿ ಆಗುವವರು ಯಾರ ಮನೆಗಾದ್ರೂ ಹೋಗಿ ಕೂರ್ತಾರಾ?" ಠಪ್, ಠಪ್. ಆ ಮಾತು, ಆ ಏಟು ನನಗೆ ಇವತ್ತಿಗೂ ಕೇಳಿಸುತ್ತದೆ. ಅಕ್ಕ ಹೋಗಲಿಲ್ಲ.

ಐದಕ್ಕೆ ಆರು. ನಡುವಿನ ಇಬ್ಬರೂ ಆ ಕಡೆಗೆ ಹೋದರು. ಲಲಿತಮ್ಮ ಪಂಚಾಯಿತಿ ಕಟ್ಟಡದ ಮೆಟ್ಟಿಲ ಮೇಲೇ ಬ್ಯಾಗಿನಿಂದ ಒಂದು ನೀಲಿ ಕಾಗದ ತೆಗೆದು ಒಡೆದು ಎಲ್ಲರಿಗೂ ತೋರಿಸಿದಳು. ಒಳಗೆ ಲಲಿತಮ್ಮನ ಹೆಸರು, ಹೊರಗೆ ವಾರದ ಹಿಂದಿನ ಸೀಲು. ಮಾಸ್ಟ್ರಿಗೆ ಜೈಕಾರವಾಯಿತು. ಅಕ್ಕ ತನ್ನ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ನಡುವಿನ ಇಬ್ಬರಲ್ಲಿ ಹಿರಿಯವನೊಬ್ಬ ಅವಳ ಹತ್ತಿರ ಬಂದ.

"ನಿಮಗೇ ಹಾಕೋದು ಅಂತಿದ್ದೆ ಕಣಮ್ಮ. ಆಯಮ್ಮ ಎರಡು ಸಲ ಬಂದು ಕೇಳುದ್ಲು. ನೀವು ಒಂದು ಮಾತು ಕೇಳ್ಲೇ ಇಲ್ವಲ್ಲ?"

ಪೈಪು ನಾಲೆ ದಾಟಲಿಲ್ಲ. ಈಗಲೂ ದಾಟಿಲ್ಲ.

ನಾನು ಅವತ್ತೇ ಮಾಸ್ಟ್ರ ಜಗಲಿಗೆ ಹೋದೆ. ಅವರು ಕತ್ತರಿ ಹಿಡಿದು ಕುಳಿತಿದ್ದರು.

"ಇಬ್ಬರಿಗೂ ಕಾಗದ ಹಾಕಿದ್ರಾ?"

"ಹಾಕಿದೆ."

"ಇಬ್ಬರಿಗೂ ಅವರವರ ಹೆಸರೇ?"

"ಮತ್ತೆ? ಅವಳ ಹೆಸರು ಇವಳಿಗೆ ಕಳಿಸ್ಲಿಕ್ಕೆ ಆಗ್ತದಾ?"

"ಹೋದ ಸಲ ರಾಷ್ಟ್ರಪತಿಗೆ ಎಷ್ಟು ಹಾಕಿದ್ರಿ ಹಾಗಾದ್ರೆ?"

ಅವರಿಗೆ ನಾಚಿಕೆ ಎಂಬುದಿರಲಿಲ್ಲ. "ಒಂಬತ್ತು," ಎಂದರು.

"ಎಂಟು ತಪ್ಪು."

"ಎಂಟು ಜನರಲ್ಲಿ ಒಬ್ಬರಾದ್ರೂ ಬಂದು ಕೇಳಿದ್ರಾ? ಇಲ್ಲ. ತಾನು ತಪ್ಪಿದ್ದು ಊರಿಗೆ ಗೊತ್ತಾಗೂದು ಯಾರಿಗೂ ಬೇಡ ಮಾರಾಯ್ರೆ."

"ಇದು ಮೋಸ ಅಲ್ವಾ ಮಾಸ್ಟ್ರೇ? ಅಕ್ಕ ನಿಮ್ಮ ಕಾಗದ ನಂಬಿ ಮನೇಲಿ ಕೂತ್ಲು."

ಅವರು ಕತ್ತರಿ ಕೆಳಗಿಟ್ಟು ಹೆಬ್ಬೆರಳನ್ನು ಗಾಳಿಯಲ್ಲಿ ಒದ್ದೆ ಮಾಡಿಕೊಂಡರು. ಕೌಂಟರಿನಲ್ಲಿ ನೀರಿನ ಸ್ಪಂಜು ಇರುತ್ತಿದ್ದ ಕಡೆ ಕೈ ತಾನಾಗಿ ಹೋಗುತ್ತಿತ್ತು. "ನಾನು ಅವರವರ ಮನಸ್ಸಲ್ಲಿ ಇದ್ದದ್ದನ್ನೇ ಅವರವರಿಗೆ ಕಳಿಸಿದೆ. ಇಬ್ಬರಿಗೂ ಧೈರ್ಯ ಕೊಟ್ಟೆ. ಒಬ್ಬಳು ಆ ಧೈರ್ಯ ಹಿಡ್ಕೊಂಡು ನಡೆದಳು. ಇನ್ನೊಬ್ಬಳು ಹೊದ್ದುಕೊಂಡು ಮಲಗಿದಳು. ಅದಕ್ಕೆ ಪೋಸ್ಟ್ ಆಫೀಸು ಎಂತ ಮಾಡ್ಲಿಕ್ಕೆ ಆಗ್ತದೆ?"

ಒಂದು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಸಿಕ್ಕಿದವರ ಮುಂದೆಲ್ಲ ಅವರನ್ನು ಬೈದೆ. ಆಮೇಲೆ ಮತ್ತೆ ಹೋದೆ. ಮೂರು ಪತ್ರಿಕೆ ಬರುತ್ತಿದ್ದದ್ದು ಅಲ್ಲಿ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇರಬೇಕು. ವೋಟಿಲ್ಲದ ಚುನಾವಣೆಯ ಬಗ್ಗೆ ಮಾತಾಡುವ ಸುಖ ಒಂದಿದೆ. ಯಾರ ನೀರೂ ಅದರ ಮೇಲೆ ನಿಂತಿರುವುದಿಲ್ಲ. ಆ ಸುಖಕ್ಕೆ ನಾವು ಹತ್ತು ಮಂದಿ ಸಂಜೆ ಸಂಜೆ ಅಲ್ಲಿ ಸೇರಿ ದಿನಕ್ಕೊಂದು ಹೆಸರು ಹೇಳುತ್ತಿದ್ದೆವು. ಅವರು ಕೇಳುತ್ತಿದ್ದರು. ಯೋಚಿಸಿದರೆ, ಅವರು ತಮ್ಮ ಬಾಯಿಂದ ಒಂದು ಹೆಸರನ್ನೂ ಹೇಳಿದ ನೆನಪಿಲ್ಲ.

ತಿಥಿಯ ಊಟ ಮುಗಿದ ಮೇಲೆ ಗಂಡಸರೆಲ್ಲ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾಗ ನಾನು ಎದ್ದು ನಿಂತೆ.

"ಮಾಸ್ಟ್ರು ಈ ಸಲವೂ ಕಾಗದ ಹಾಕಿದ್ದಾರೆ. ನನ್ನ ಹತ್ರ ಒಂದಿದೆ. ಇನ್ನೂ ಯಾರ್ಯಾರ ಹತ್ರ ಇದೆಯೋ ತಗೊಂಡು ಬನ್ನಿ. ಇಲ್ಲೇ ಒಟ್ಟಿಗೆ ಒಡೆಯೋಣ."

 ತನ್ನ ಹತ್ತಿರ ಇಲ್ಲ ಎಂದು ಯಾರೂ ಹೇಳಲಿಲ್ಲ. ಹತ್ತು ಮುಖಗಳನ್ನು ನೋಡಿದೆ. ಹತ್ತರಲ್ಲೂ ಒಂದೇ ಭಾವ. ಉಳಿದವರದ್ದು ಸುಳ್ಳು, ತನ್ನದು ಮಾತ್ರ ನಿಜ.

"ಇಂಥ ದಿನ ಬೇಡ ಸಾರ್," ಎಂದರು ಕಾಕ.

"ಎಲ್ಲರಿಗೂ ಬೇರೆ ಬೇರೆ ಹೆಸರು ಬರೆದಿರ್ತಾರೆ ಕಾಕ. ಅದೇ ಅವರ ಆಟ."

"ಇರಬಹುದು. ಆದ್ರೆ ನಂದು ಹೋದ ಸಲ ಸರಿ ಬಂದಿತ್ತಲ್ಲ?"

ಮಾಸ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ಗೂಡಿನ ಕಡೆ ಕೈ ತೋರಿಸಿ, "ಯಾರಿಗಾದ್ರೂ ಇದು ಬೇಕಾ? ತಗೊಂಡು ಹೋಗಿ. ಕೋಳಿ ಕೂಡ ಇದರಲ್ಲಿ ಮೊಟ್ಟೆ ಇಡೂದಿಲ್ಲ, ನಾನು ನೋಡಿದ್ದೇನೆ," ಎಂದರು. ಒಬ್ಬಿಬ್ಬರು ಅಳಬೇಕೋ ನಗಬೇಕೋ ತಿಳಿಯದೆ ಎದ್ದು ಕೈ ತೊಳೆಯಲು ಹೋದರು.

ಮನೆಗೆ ಬಂದವನೇ ಇಲ್ಲಿಯವರೆಗಿನದನ್ನು ಬರೆದೆ. ಸಿಟ್ಟು ಹೇಳಿಸುತ್ತಿತ್ತು, ಕೈ ಬರೆಯುತ್ತಿತ್ತು. ಮುಗಿಸುವ ಮೊದಲು ಆ ಮೋಸದ ಮಾದರಿಯೊಂದನ್ನು ಓದುಗರಿಗೆ ತೋರಿಸೋಣ ಎಂದು ನನ್ನ ಕಾಗದವನ್ನು ಖಾನೆಯಿಂದ ತೆಗೆದು ಒಡೆದೆ. ಒಳಗೆ ಒಂದೇ ಸಾಲು, ಒಂದು ಹೆಸರು. ದಕ್ಷಿಣದ ಒಬ್ಬ ಮಾಜಿ ರಾಜ್ಯಪಾಲರದ್ದು. ಕೆಟ್ಟ ಊಹೆಯೇನಲ್ಲ. ನನಗೂ ಅದು ಹೊಳೆದಿತ್ತು ಎಂದುಕೊಂಡೆ.

ಯಾವಾಗ ಹೊಳೆದಿತ್ತು?

ಸೀಲಿನ ತಾರೀಕು ನೋಡಿ, ಆ ದಿನದಿಂದ ಹಿಂದಕ್ಕೆ ದಿನಚರಿ ತಿರುವಿದೆ. ಒಂಬತ್ತು ದಿನ ಹಿಂದೆ ನನ್ನದೇ ಅಕ್ಷರ: "ಸಂಜೆ ಮಾಸ್ಟ್ರ ಜಗಲಿ. ಈ ಸಲ ಇವರೇ ಎಂದು ಹೇಳಿದೆ. ಕಾರಣಗಳನ್ನೂ ಕೊಟ್ಟೆ. ಮಾಸ್ಟ್ರು, ನೀವು ಓದಿದವರು, ನಿಮ್ಮ ಮಾತು ಇರಬಹುದು ಎಂದರು." ಕೆಳಗೆ ಅದೇ ಹೆಸರು.

ಹಳೆಯ ದಿನಚರಿ ತೆಗೆದೆ. ಹೋದ ಸಲದ ಚುನಾವಣೆಯ ಬೇಸಿಗೆ. ಇದೆ: "ಕಾಕ ಇವತ್ತು ಒಂದು ಹೆಸರು ಹೇಳಿದರು. ಎಲ್ಲರೂ ನಕ್ಕೆವು. ಮಾಸ್ಟ್ರು ನಗಲಿಲ್ಲ." ಆ ಹೆಸರೇ ಬ್ರೆಡ್ಡಿನ ಚಾಕುವಿನ ಕೆಳಗೆ ಹೊರಬಂದದ್ದು. ಊಹಿಸಿದ್ದು ಕಾಕ. ಹೇಳಿ ಮರೆತದ್ದೂ ಕಾಕ. ನಾವೆಲ್ಲ ಮರೆತಿದ್ದೆವು. ಮಾಸ್ಟ್ರು ಯಾರನ್ನೂ ಊಹಿಸಿರಲೇ ಇಲ್ಲ. ಜಗಲಿಯಲ್ಲಿ ಯಾರು ಯಾವ ಹೆಸರು ಹೇಳಿದರೋ ಅದನ್ನು ನೆನಪಿಟ್ಟು, ಸೀಲು ಹೊಡೆಸಿ, ಹೇಳಿದವರಿಗೇ ತಿರುಗಿ ಕಳಿಸುತ್ತಿದ್ದರು. ವಿಳಾಸ ಸಿಗದ ಕಾಗದವನ್ನು ಕಳಿಸಿದವರಿಗೇ ವಾಪಸ್ ಮಾಡುವ ಹಾಗೆ. ಅವರವರ ಮನಸ್ಸಲ್ಲಿ ಇದ್ದದ್ದನ್ನೇ ಕಳಿಸಿದೆ ಎಂದು ನನ್ನ ಮುಖಕ್ಕೇ ಹೇಳಿದ್ದರು. ನಾನು ಬೈಯುವ ಅವಸರದಲ್ಲಿದ್ದೆ.

ಇದರಿಂದ ಅವರು ಒಳ್ಳೆಯವರಾಗುವುದಿಲ್ಲ. ಒಂಬತ್ತು ಮಂದಿಯ ಮಾತು ಕದ್ದು ಒಬ್ಬನ ಹೆಸರಿನಲ್ಲಿ ಮೆರೆದವರು ಮೆರೆದವರೇ.

ಆದರೆ ದಿನಚರಿ ಕೈಯಲ್ಲಿತ್ತು. ಅಕ್ಕನ ಚುನಾವಣೆಯ ವಾರ ಹುಡುಕಿದೆ. ಹುಡುಕಬಾರದಿತ್ತು ಎಂದು ಹೇಳುವುದಿಲ್ಲ, ಹೇಳಲು ಮನಸ್ಸಿದೆ. ಆ ಪುಟದಲ್ಲಿ ಹೀಗಿತ್ತು: "ಅಕ್ಕನಿಗೆ ಕಾಗದ ಬಂತು. ಬಿಸಿಲಿಗೆ ಹಿಡಿದು ಓದಿ ಹೇಳಿದೆ. ಮೆಂಬರುಗಳ ಮನೆಗೆ ಹೊರಟಿದ್ದಳು. ಬೇಡ ಎಂದೆ. ಅಧ್ಯಕ್ಷೆ ಆಗುವವಳು ಬಾಗಿಲು ಬಾಗಿಲು ತಿರುಗಬಾರದು, ರಾಷ್ಟ್ರಪತಿ ಆಗುವವರು ಯಾರ ಮನೆಗಾದರೂ ಹೋಗಿ ಕೂರುತ್ತಾರಾ ಎಂದೆ. ಒಪ್ಪಿದಳು."

ಆ ಪುಟದಲ್ಲಿ ಮಾಸ್ಟ್ರು ಎಲ್ಲಿಯೂ ಇರಲಿಲ್ಲ. ಮೇಲೆ ಅವರ ಬಾಯಲ್ಲಿ ಇಟ್ಟು ಬರೆದ ಮಾತನ್ನು ತಿದ್ದಲು ಪೆನ್ನು ಎತ್ತಿದೆ. ತಿದ್ದಲಿಲ್ಲ. ಅದು ನನಗೆ ಹಾಗೆಯೇ ನೆನಪಿತ್ತು, ಆ ಏಟಿನ ಸಮೇತ. ಹಾಗೆಯೇ ಇರಲಿ.

ಮರುದಿನ ಭಾನುವಾರ. ಅಕ್ಕನ ಮನೆಗೆ ಹೋದೆ. ಪಂಚಾಯಿತಿ ಚುನಾವಣೆ ಮತ್ತೆ ಬರುತ್ತಿದೆ ಎಂಬ ಸುದ್ದಿ. ಅವಳು ಮೆಂಬರ್ ಸ್ಥಾನಕ್ಕೆ ಮತ್ತೆ ನಿಲ್ಲುವವಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಅಕ್ಕ, ಅವತ್ತು ಮೆಂಬರುಗಳ ಮನೆಗೆ ಹೋಗ್ಬೇಡ ಅಂದಿದ್ದು ಯಾರು?"

"ನೀನೇ ಕಣೋ," ಎಂದಳು, ನೀರು ಬೇಕಾ ಎಂದು ಕೇಳುವಷ್ಟು ಸಲೀಸಾಗಿ.

"ಮಾಸ್ಟ್ರು?"

"ಮಾಸ್ಟ್ರು ಅವತ್ತು ಬಂದೇ ಇರ್ಲಿಲ್ವಲ್ಲ. ಕಾಗದ ಪೋಸ್ಟಲ್ಲಿ ಬಂದಿತ್ತು. ನೀನು ಬಾಗಿಲಿಗೆ ಅಡ್ಡ ನಿಂತು ಭಾಷಣ ಮಾಡ್ದೆ. ಮೇಜು ಬೇರೆ ಕುಟ್ಟಿದೆ, ಅವರ ಥರ."

"ಇಷ್ಟು ವರ್ಷ ಅವರನ್ನ ಬೈತಿದ್ದೆನಲ್ಲ, ಒಂದು ಸಲ ಹೇಳೋದಲ್ವಾ?"

"ನೀನು ಚೆನ್ನಾಗಿ ಬೈತಿದ್ದೆ. ಮೈಗೂ ಹತ್ತಿತ್ತು ನಿಂಗೆ. ಯಾಕೆ ಕೆಡಿಸ್ಲಿ ಅಂತ ಬಿಟ್ಟೆ." ಸೆರಗು ಸರಿಮಾಡಿಕೊಂಡಳು. "ಮತ್ತೆ ನಾನೂ ಒಪ್ಪಿ ಕೂತೆನಲ್ಲ. ಸೀರೆ ಉಟ್ಟಿದ್ದೋಳು ಕೂತೆ. ಅದನ್ನ ಯಾರ ಮೇಲೆ ಹಾಕ್ಲಿ? ಸರಿ, ಬತ್ತೀಯಾ? ನಾಲೆ ಆಚೆ ಹದಿನಾಲ್ಕು ಮನೆ ಇದೆ. ಒಂದೂ ಬಿಡಲ್ಲ ಈ ಸಲ."

"ಅವರು ನಿನಗೇ ಹಾಕ್ತಾರೆ ಬಿಡು ಅಕ್ಕ, ಅವರಿಗೋಸ್ಕರ ತಾನೆ..." ಎಂದು ಶುರು ಮಾಡಿದೆ.

ಅವಳು ನನ್ನನ್ನು ನೋಡಿದಳು ಅಷ್ಟೆ. 

"ಬಾ. ಮಾತಾಡ್ಬೇಡ. ಈ ಚೀಲ ಹಿಡ್ಕೊ."

ಸೇತುವೆ ದೂರ. ಸುತ್ತು ಹಾಕಿ ನಾಲೆಯಾಚೆ ಹೋಗಲು ಅರ್ಧ ಗಂಟೆ ಹಿಡಿಯಿತು. ನಮ್ಮ ಮುಂದೆ ಇಬ್ಬರು ಹೆಂಗಸರು ತುಂಬಿದ ಕೊಡ ಹೊತ್ತು ಹೋಗುತ್ತಿದ್ದರು. ಅಕ್ಕ ಒಬ್ಬಳ ಕೊಡ ಇಳಿಸಿಕೊಂಡು ತನ್ನ ಸೊಂಟಕ್ಕೆ ಇಟ್ಟುಕೊಂಡಳು. ಅವಳ ಜಗಲಿಯಲ್ಲೇ ಮೊದಲು ಕುಳಿತೆವು. ಕಾಫಿ ಬಂತು. ಅಕ್ಕ ಲೋಟ ಕೆಳಗಿಟ್ಟು ಬಾಯಿಬಿಟ್ಟು ಕೇಳಿದಳು. "ಹೋದ ಸಲ ನಿಮಗೆ ಮಾತು ಕೊಟ್ಟು ಉಳಿಸ್ಕೊಳ್ಳಲಿಲ್ಲ. ಈ ಸಲ ಮತ್ತೆ ನಿಂತ್ಕೋತೀನಿ. ನಿಮ್ಮ ಮನೆ ವೋಟು ನನಗೇ ಹಾಕ್ಬೇಕು."

"ಬಂದು ಕೇಳಿದ್ರಲ್ಲ, ಹಾಕದೆ ಇರ್ತೀವಾ," ಎಂದಳು ಆ ಹೆಂಗಸು.

ಅವಳ ಗಂಡ ಮೂಲೆಯಲ್ಲಿ ಬೀಡಿ ಕಟ್ಟು ಬಿಚ್ಚುತ್ತಿದ್ದವನು ನನ್ನ ಕಡೆ ತಿರುಗಿದ. ಮಾಸ್ಟ್ರ ಜಗಲಿಯಲ್ಲಿ ನನ್ನನ್ನು ನೋಡಿದ್ದ ಎಂದು ಕಾಣುತ್ತದೆ.

"ಸಾರ್, ಮಾಸ್ಟ್ರು ಹೋಗ್ಬಿಟ್ರು. ಇನ್ನು ನೀವೇ ಹೇಳ್ಬೇಕು. ಮುಂದಿನ ರಾಷ್ಟ್ರಪತಿ ಯಾರು?"

ಹೆಸರು ನಾಲಿಗೆಯ ತುದಿಯಲ್ಲಿತ್ತು. ಕಾರಣಗಳೂ ಇದ್ದವು. ಅಕ್ಕ ಕಾಫಿ ಲೋಟದ ಅಂಚಿನಿಂದ ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ," ಎಂದೆ.

ಮನೆಗೆ ಬಂದು ಹಾಗೆಂದೆ ಎಂಬುದನ್ನು ತಾರೀಕಿನ ಸಮೇತ ಬರೆದಿಟ್ಟಿದ್ದೇನೆ. ಇನ್ನೊಂದು ವರ್ಷ ಹೋದರೆ ನನ್ನ ನೆನಪು ಬೇರೆ ಏನಾದರೂ ಹೇಳೀತು.